ಸ್ವಿಚ್ಚಿಗೆ ನೇತುಹಾಕಿದ ಚಪ್ಪಲಿ

ಮೂಡಲಗಿಯ ಅರಿಷಿಣ ಗಿರಣಿಗೆ ಹೊಸದಾಗಿ ಯಾರೇ ಕೆಲಸಕ್ಕೆ ಬರಲಿ, ಅಲ್ಲಿನ ಹಳೆಯ ಕೆಲಸಗಾರ್ತಿ ಫಕೀರವ್ವ ಮೊದಲು ನೋಡುವುದು ಅವರ ಕಾಲು. ಮುಖ ಆಮೇಲೆ. ಅರಿಷಿಣದ ಕೊಂಬು ಉಜ್ಜಿ ಹೊಳಪು ಕೊಡುವ ದೊಡ್ಡ ಡ್ರಮ್ಮಿನೊಳಗೆ ಕಸ ಗುಡಿಸಲು ಇಳಿಯುವವರು ತಮ್ಮ ಒಂದು ಚಪ್ಪಲಿಯನ್ನು ಮೇನ್ ಸ್ವಿಚ್ಚಿನ ಹಿಡಿಕೆಗೆ ನೇತುಹಾಕಿಯೇ ಇಳಿಯಬೇಕು. ಹಾಕಿದವರೇ ಬಂದು ತೆಗೆಯಬೇಕು. ಇದು ಅವಳ ಕಾನೂನು. ಮೊದಲು ಅಲ್ಲಿ ‘ಮುಟ್ಟಬೇಡಿ’ ಎಂಬ ಕೆಂಪು ಬೋರ್ಡಿತ್ತು. ಬಂದವರೆಲ್ಲ ಅದನ್ನೇ ಸರಿಸಿ ಸ್ವಿಚ್ಚು ಹಾಕುತ್ತಿದ್ದರು. ಕಂಡವರ ಚಪ್ಪಲಿಗೆ ಮಾತ್ರ ಯಾರೂ ಕೈ ಹಚ್ಚುವುದಿಲ್ಲ.

ಕುರಿ ಮಾರಿ ನಲವತ್ತೈದರ ವಯಸ್ಸಿಗೆ ಕೆಲಸಕ್ಕೆ ಸೇರಿದ ಮಸಗುಪ್ಪಿಯ ಬೀರಸಿದ್ದಪ್ಪ ಇದನ್ನು ಕೇಳಿ ನಕ್ಕಿದ್ದ.

“ಯಕ್ಕಾ, ಲಕ್ಷ್ಮೀ ಫೋಟೋದ ಕೆಳಗ ಕೆರ ತೂಗ ಹಾಕಂತಿ. ದೇವರು ಸಿಟ್ಟಾಗೂದಿಲ್ಲನ?”

“ದೇವರು ಸಿಟ್ಟಾದ್ರ ಎರಡ ಕಾಯಿ ಒಡದು ಸಮಾಧಾನ ಮಾಡಬಹುದು. ಡ್ರಮ್ ಸಿಟ್ಟಾದ್ರ ನಿನ್ನ ಚೀಲದಾಗ ತುಂಬಿ ಮನಿಗಿ ಕಳಸಬೇಕಾಗತೈತಿ. ಬಿಚ್ಚು.”

ಅವನು ಗೊಣಗುತ್ತಲೇ ಬಿಚ್ಚಿದ. ಕುರಿಗಳಾದರೆ ಇಷ್ಟು ಹೇಳಿಸಿಕೊಳ್ಳುತ್ತಿರಲಿಲ್ಲ ಎಂದಳು ಫಕೀರವ್ವ.

ಅಮಾವಾಸ್ಯೆಯ ದಿನ ಮಾಲೀಕರ ತಾಯಿ ಅಲ್ಲವ್ವ ಆರತಿ ತಟ್ಟೆ ಹಿಡಿದು ಬಂದಾಗ ಫಕೀರವ್ವ ಡ್ರಮ್ಮಿನೊಳಗಿದ್ದಳು. ಆರತಿ ಮುಗಿದ ಕೂಡಲೇ ಮಷಿನ್ ತಿರುಗಬೇಕೆಂಬುದು ಆ ಮನೆಯ ರೂಢಿ. ಸ್ವಿಚ್ಚು ಹಾಕುವ ಕಾಶಿನಾಥ ಆಗಲೇ ಕೈ ಒರೆಸಿಕೊಂಡು ನಿಂತಿದ್ದ.

“ಯಾರದಿದು ಹಾಳ ಕೆರ?” ಅಲ್ಲವ್ವ ಕೇಳಿದಳು.

“ಫಕೀರವ್ವಕ್ಕಂದ್ರಿ ಅವ್ವಾರ. ಒಳಗ ಅದಾಳ್ರಿ,” ಬೀರಸಿದ್ದಪ್ಪನ ದನಿ.

“ಇದ್ರ ಬರತಾಳ ತಗೊ. ಮೊದಲ ಅದನ್ನ ತಗದ ಒಗಿ.”

ಒಳಗೆಂದರೆ ಗಿರಣಿಯ ಒಳಕೋಣೆ ಎಂದುಕೊಂಡಿದ್ದಾರೆ ಅವ್ವಾರು ಎಂದು ಫಕೀರವ್ವನಿಗೆ ಹೊಳೆಯಿತು. ಚಪ್ಪಲಿ ಹೋಯಿತೆಂದರೆ ಆರತಿಯ ಗಂಟೆ ಬಾರಿಸುತ್ತಾರೆ, ಗಂಟೆ ನಿಂತಿತೆಂದರೆ ಕಾಶಿನಾಥನ ಕೈ ರೂಢಿಯಂತೆ ತಾನೇ ಹಿಡಿಕೆಗೆ ಹೋಗುತ್ತದೆ. ಅವಳು ಕೂಗಿದಳು. ತಗಡೆಲ್ಲ ಗುಂಯ್ ಎಂದಿತು, ಮಾತು ಹೊರಗೆ ಹೋಗಲಿಲ್ಲ. ದೇವರ ಮೇಲಿನ ಎಲ್ಲ ಜೋಕುಗಳನ್ನು ಒಟ್ಟಿಗೆ ವಾಪಸ್ಸು ತೆಗೆದುಕೊಂಡು, ಮೊಣಕಾಲೂರಿ ಬಾಗಿಲ ಕಡೆ ತೆವಳತೊಡಗಿದಳು.

“ತಗಿಯಾಂಗಿಲ್ರಿ. ಹಾಕಿದವರ ತಗೀಬೇಕು.” ಹೊರಗೆ ಬೀರಸಿದ್ದಪ್ಪ ಸ್ವಿಚ್ಚಿಗೆ ಅಡ್ಡ ನಿಂತಿದ್ದ.

“ನಾಳಿಂದ ಕೆಲಸಕ್ಕ ಬರಬ್ಯಾಡ ಹಂಗಾರ.”

“ಬರೂದಿಲ್ರಿ,” ಎಂದ ಬೀರಸಿದ್ದಪ್ಪ. “ಇವತ್ತಂತೂ ತಗಿಯಾಂಗಿಲ್ಲ. ಕಾಶಿನಾಥಾ, ಹಿಂದ ಸರಿ.”

ಅಷ್ಟರಲ್ಲಿ ಬಾಗಿಲಿನಿಂದ ತಲೆಯಿಂದ ಕಾಲಿನವರೆಗೆ ಹಳದಿಯಾದ ಹೆಂಗಸೊಬ್ಬಳು ಹೊರಬಿದ್ದಳು. ಬೆಚ್ಚಿದ ಅಲ್ಲವ್ವ ಅವಳಿಗೇ ಅರ್ಧ ಆರತಿ ಎತ್ತಿಬಿಟ್ಟಳು.

“ನಾನ್ರೀ ಅವ್ವಾರ, ಫಕೀರಿ.” ಅವಳು ಕುಂಟುತ್ತ ಹೋಗಿ ತನ್ನ ಚಪ್ಪಲಿ ತೆಗೆದು ಮೆಟ್ಟಿಕೊಂಡಳು.

ಅಲ್ಲವ್ವ ಡ್ರಮ್ಮಿನ ಬಾಗಿಲನ್ನೂ ಸ್ವಿಚ್ಚನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಕಾಶಿನಾಥನಿಗೆ, “ಲಕ್ಷ್ಮೀ ಫೋಟೋ ಆ ಗ್ವಾಡಿಗಿ ಹಾಕು. ಆಕಿಗಿ ಎಲ್ಲಿದ್ರೂ ನಡೀತೈತಿ,” ಎಂದಳು. ಕೆಲಸ ಬಿಡಿಸುವ ಮಾತು ಮತ್ತೆ ಬರಲಿಲ್ಲ.

ಫಕೀರವ್ವ ಬೀರಸಿದ್ದಪ್ಪನನ್ನು ಹೊಗಳಲಿಲ್ಲ. ಡಬ್ಬಿ ಬಿಚ್ಚಿ, ತನ್ನ ಎರಡು ರೊಟ್ಟಿಯಲ್ಲಿ ದಪ್ಪನೆಯದನ್ನು ಅವನ ಕಡೆ ನೂಕಿ, “ತಿನ್ನು. ಮಧ್ಯಾಹ್ನ ನೀ ಇಳಿಯಾಂವ. ನಾ ಸ್ವಿಚ್ಚಿನ ಮುಂದ ಕುಂದರತೇನಿ,” ಎಂದಳು.