ಚೌರಪ್ಪ ಮೇಷ್ಟ್ರ ಹಾಜರಿ

ನಾನು ನಿಂತಿದ್ದದ್ದು ಮೂರನೆಯ ಬೆಂಚಿನ ತುದಿಯಲ್ಲಿ, ಕಿಟಕಿಗೆ ಬೆನ್ನು ಮಾಡಿ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಒಂದು ಮಂಗಳವಾರ, ಎರಡನೆಯ ಪೀರಿಯಡ್ಡಿನ ಗಂಟೆ ಆಗಷ್ಟೇ ಹೊಡೆದಿತ್ತು. ನನಗೂ ಕರಿಹಲಗೆಗೂ ನಡುವೆ ಹತ್ತು ಹೆಜ್ಜೆ. ಆದ್ದರಿಂದ ಚೌರಪ್ಪ ಮೇಷ್ಟ್ರು ಅದರ ಮೇಲೆ ಏನು ಬರೆದರೆಂದು ಖಚಿತವಾಗಿ ಹೇಳಬಲ್ಲೆ.

ಶಿವಾಜಿನಗರದ ನಮ್ಮ ಶಾಲೆಯಲ್ಲಿ ಅವರು ಲ್ಯಾಟಿನ್ ಕಲಿಸುತ್ತಿದ್ದರು. ಲಿಂಗರಾಜಪುರದಿಂದ ನಡೆದೇ ಬರುವರು. ಕಚ್ಚೆಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಜೇಬಿನಲ್ಲಿ ಸೀಮೆಸುಣ್ಣ. ಪಾದ್ರಿಯಾಗಲು ಹೋಗಿ ಅರ್ಧಕ್ಕೆ ಬಿಟ್ಟು ಬಂದವರು. ಲ್ಯಾಟಿನ್ ಕಲಿತದ್ದು ಅಲ್ಲಿಯೇ. ಡಿಗ್ರಿ ಇಲ್ಲದ ಕಾರಣ ಏಳು ವರ್ಷದಿಂದ ಹಂಗಾಮಿಯಾಗಿಯೇ ಉಳಿದಿದ್ದರು.

ಹಾಜರಿಗೆ ಅವರು ನಮ್ಮ ಹೆಸರು ಕರೆಯುತ್ತಿರಲಿಲ್ಲ. ಒಬ್ಬೊಬ್ಬನಿಗೂ ಒಂದು ಕ್ರಿಯಾಪದ ಕೊಟ್ಟಿದ್ದರು. ಅವರು ‘ಸ್ಕ್ರೀಬೊ’, ಅಂದರೆ ಬರೆಯುತ್ತೇನೆ, ಎಂದು ಕರೆದರೆ ನಾನು ಎದ್ದು ‘ಸ್ಕ್ರಿಪ್ಸಿ’ ಎನ್ನಬೇಕು. ಜೊತೆಗೆ ಕನ್ನಡದ ಎರಡು ಅರ್ಥವನ್ನೂ ಹೇಳಬೇಕು: ಬರೆದೆ, ಬರೆದಿದ್ದೇನೆ. ಲ್ಯಾಟಿನ್ನಿನ ಆ ಒಂದೇ ರೂಪ ಎರಡಕ್ಕೂ ಸಲ್ಲುತ್ತದೆ. ಯಾವುದೆಂದು ಸಂದರ್ಭ ನೋಡಿ ಆರಿಸಿಕೊಳ್ಳಬೇಕು.

“ಬಾಲ ಎಲ್ಲಕ್ಕೂ ಒಂದೇ ಕಣ್ರೋ,” ಎನ್ನುತ್ತಿದ್ದರು. “ನಾನು ಅಂದ್ರೆ ಈ, ನೀನು ಅಂದ್ರೆ ಇಸ್ತಿ, ಅವನು ಅಂದ್ರೆ ಇತ್. ಬುಡಾನೇ ಕೈ ಕೊಡೋದು. ಅದನ್ನ ಬಾಯಿಪಾಠ ಮಾಡ್ಲೇಬೇಕು.”

ನನ್ನ ಪಕ್ಕ ಕೂರುತ್ತಿದ್ದವನು ಗಫಾರ್, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯವರ ಮಗ. ಅವನಿಗೆ ಸಿಕ್ಕಿದ್ದು ‘ಮೊರ್ದೆಯೊ’, ಕಚ್ಚುತ್ತೇನೆ.

“ಎಲ್ರಿಗೂ ಒಳ್ಳೊಳ್ಳೆ ಕೆಲ್ಸ, ನನ್ಗೆ ಮಾತ್ರ ಕಚ್ಚೋದಾ ಸಾರ್?”

“ನಿನ್ನ ಹಲ್ಲು ನೋಡೇ ಕೊಟ್ಟಿದ್ದು ಕಣೋ. ಹೇಳು.”

“ಮೊರ್ಸಿ ಸಾರ್. ಕಚ್ಚಿದೆ, ಕಚ್ಚಿದ್ದೇನೆ.”

ದಿನವೂ ಅದನ್ನು ನಾವು ಹನ್ನೊಂದು ಜನರೂ ಕೇಳಿಸಿಕೊಳ್ಳುತ್ತಿದ್ದೆವು.

ಆ ಮಂಗಳವಾರ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದರು. ಮೇಷ್ಟ್ರ ಕೆಲಸ ಕಾಯಂ ಆಗುವುದು ಅವರ ವರದಿಯ ಮೇಲಿತ್ತು. ಶಾಲೆಗೆಲ್ಲ ಅದು ಗೊತ್ತು. ನಮ್ಮ ಪರೀಕ್ಷೆಯ ಪೇಪರುಗಳನ್ನು ಹಿಂದಿನ ದಿನವೇ ತರಿಸಿಕೊಂಡು ನೋಡಿದ್ದರು. ‘ನಾಯಿ ನನ್ನನ್ನು ಕಚ್ಚಿತು’ ಎಂಬುದಕ್ಕೆ ಎಲ್ಲರೂ ‘ಮೊರ್ಸಿತ್’ ಎಂದು ಬರೆದಿದ್ದೆವು.

“ಅದು ಮೊಮೊರ್ದಿತ್. ಹನ್ನೊಂದು ಜನಕ್ಕೂ ಒಂದೇ ತಪ್ಪು ಹೇಗ್ರೀ ಬರುತ್ತೆ? ನಕಲು ಮಾಡಿದ್ದಾರೆ. ಈ ವರ್ಷ ಇವರನ್ನ ಪಬ್ಲಿಕ್ ಪರೀಕ್ಷೆಗೆ ಕಳಿಸೋಕಾಗಲ್ಲ. ಎಲ್ಲ ಎದ್ದು ನಿಂತ್ಕೊಳ್ಳಿ.”

ನಿಂತೆವು. ಮೇಷ್ಟ್ರು ಸುಮ್ಮನಿದ್ದಿದ್ದರೆ ತಪ್ಪು ನಮ್ಮದೇ ಆಗಿ ಮುಗಿಯುತ್ತಿತ್ತು. ಅವರು ಹಲಗೆಯ ಬಳಿ ಹೋಗಿ ‘ಮೊರ್ಸಿ’ ಎಂದು ಬರೆದು ಅಡ್ಡಗೆರೆ ಎಳೆದರು. ಕೆಳಗೆ ‘ಮೊಮೊರ್ದಿ’ ಎಂದು ದುಂಡಗೆ ಬರೆದರು.

“ಮಕ್ಕಳು ನಕಲು ಮಾಡಿಲ್ಲ ಸ್ವಾಮಿ. ತಪ್ಪು ಹೇಳ್ಕೊಟ್ಟಿದ್ದು ನಾನು. ದಿನಾ ಬೆಳಿಗ್ಗೆ, ಇದೇ ಬಾಯಲ್ಲಿ. ಹಾಗಂತ ಬರ್ಕೊಳ್ಳಿ.”

“ಬರ್ಕೊಂಡ್ರೆ ನಿಮಗೇನಾಗುತ್ತೆ, ಗೊತ್ತಲ್ಲ?”

“ಗೊತ್ತು ಸ್ವಾಮಿ. ಬರ್ಕೊಳ್ಳಿ.” ಆಮೇಲೆ ನಮ್ಮ ಕಡೆ ತಿರುಗಿದರು. “ಏನ್ರೋ ನೋಡ್ತಾ ಇದೀರಿ? ಕೂತ್ಕೊಂಡು ತಿದ್ಕೊಳ್ಳಿ. ಗಫಾರ್, ನೀನು ಮೊದ್ಲು.”

ಅಧಿಕಾರಿ ಬರೆದುಕೊಂಡರು. ನಾವು ಪರೀಕ್ಷೆಗೆ ಕೂತೆವು. ಮೇಷ್ಟ್ರ ಕೆಲಸ ಕಾಯಂ ಆಗಲಿಲ್ಲ. ವರ್ಷದ ಕೊನೆಗೆ ಅವರನ್ನು ಶಾಲೆಯಿಂದ ಬಿಡಿಸಿದರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಹಲಸೂರು ಕೆರೆಯ ಬಳಿ.

“ಪಾಸಾದ್ಯೇನೋ?”

“ಎಲ್ರೂ ಆದ್ವಿ ಸಾರ್.”

“ಎಲ್ರೂನಾ?” ಎಂದು ಮತ್ತೊಮ್ಮೆ ಕೇಳಿ, ಕೋಟಿನ ಗುಂಡಿ ಸರಿಮಾಡಿಕೊಂಡು ನಡೆದರು.

ತಪ್ಪು ಕಲಿಸಿದ ಮೇಷ್ಟ್ರು ಎಂದು ಯಾರಾದರೂ ನಕ್ಕರೆ, ಹೌದು, ನಾನು ಅವರ ಶಿಷ್ಯ ಎನ್ನುತ್ತೇನೆ. ಆ ಹನ್ನೊಂದು ಜನರಲ್ಲಿ ಈಗ ಉಳಿದಿರುವವರು ನಾನು ಮತ್ತು ಗಫಾರ್. ಅವನು ಫ್ರೇಜರ್ ಟೌನಿನಲ್ಲಿ ಮಗಳ ಮನೆಯಲ್ಲಿದ್ದಾನೆ. ನನ್ನ ಮಾತಿನಲ್ಲಿ ಅನುಮಾನವಿದ್ದರೆ ಹೋಗಿ ಕೇಳಬಹುದು. ಮೇಷ್ಟ್ರ ವಿಷಯವಾದರೆ, ಮಂಡಿನೋವಿದ್ದರೂ, ಅವನು ಎದ್ದು ನಿಂತೇ ಹೇಳುತ್ತಾನೆ.