ಗೌರವಧನಕ್ಕೊಂದು ಕೊಸರು

ಮಣಿಪಾಲದ ಕಾಲೇಜು ಗ್ರಂಥಾಲಯದಲ್ಲಿ, ತರಗತಿ ಮುಗಿದ ಮೇಲೆ ಪುಸ್ತಕ ಜೋಡಿಸುವ ಕೆಲಸ ನನಗೆ ಸಿಕ್ಕಿತ್ತು. ಅದಕ್ಕೆ ಸಂಬಳ ಎನ್ನಬಾರದಂತೆ. ವಿದ್ಯಾರ್ಥಿಗಳಿಗೆ ಕೊಡುವುದು ‘ಗೌರವಧನ’. ಹೆಸರು ಕೇಳಿ ನಾನೂ ಸ್ವಲ್ಪ ಉಬ್ಬಿದ್ದೆ. ಆದರೆ ಪ್ರತಿ ತಿಂಗಳೂ ಹತ್ತರಲ್ಲೊಂದು ಪಾಲು ಕಡಿದುಕೊಂಡೇ ಅದು ಖಾತೆಗೆ ಬರುತ್ತಿತ್ತು. ಕೊನೆಯ ವರ್ಷದ ಪರೀಕ್ಷಾ ಶುಲ್ಕ ನಾನೇ ಕಟ್ಟುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ಕಡಿದುಹೋದ ಹಣ ಬರದೆ ಆ ಮಾತು ನಡೆಯುವಂತಿರಲಿಲ್ಲ.

ಲೆಕ್ಕ ವಿಭಾಗದ ಗುಮಾಸ್ತರನ್ನು ಹೋಗಿ ಕೇಳಿದೆ.

“ಸಂಬಳವಾದರೆ ಇಷ್ಟು ಸಣ್ಣ ಮೊತ್ತಕ್ಕೆ ಕಟ್ ಇಲ್ಲ. ಇದು ಗೌರವಧನ ಅಲ್ವಾ? ಟಿಡಿಎಸ್ ಅಂತ ತೆರಿಗೆ ಮೊದಲೇ ಹೋಗ್ತದೆ.”

“ಗೌರವ ನೀವೇ ಇಟ್ಟುಕೊಳ್ಳಿ ಸರ್, ಧನ ಪೂರ್ತಿ ಕೊಡಿ.”

ಅವರು ನಕ್ಕರು. “ಅದು ನನ್ನ ಹತ್ರ ಎಲ್ಲುಂಟು ಮಾರಾಯ್ತಿ? ನಿನ್ನ ಪಾನ್ ನಂಬರಿಗೆ ಸರಕಾರಕ್ಕೆ ಕಟ್ಟಿ ಆಯ್ತು. ನಿನಗೆ ತೆರಿಗೆ ಬೀಳುವಷ್ಟು ಆದಾಯ ಇಲ್ಲ, ರಿಟರ್ನ್ ಹಾಕಿ ವಾಪಸ್ ತಕೋ.”

ನನ್ನ ಜೊತೆ ಅದೇ ಕೆಲಸ ಮಾಡುತ್ತಿದ್ದ ಕಾರ್ಕಳದ ಗೆಳತಿಗೆ ಹೆದರಿಕೆ. “ಬಿಟ್ಟುಬಿಡು. ತೆರಿಗೆಯವರ ಸಹವಾಸ ನಮಗೆ ಎಂತಕ್ಕೆ? ಒಮ್ಮೆ ಅವರ ಹತ್ರ ಹೆಸರು ಹೋದರೆ ಮತ್ತೆ ಬಿಡ್ಲಿಕ್ಕಿಲ್ಲ.”

ಹೆಸರು ಆಗಲೇ ಹೋಗಿದೆ, ಅದರ ಹಿಂದೆ ದುಡ್ಡೂ ಹೋಗಿದೆ. ಇನ್ನು ಹೆದರುವುದು ಯಾವುದಕ್ಕೆ? ನನ್ನ ಅಮ್ಮ ಕಾಪು ಪೇಟೆಯಲ್ಲಿ ಮೀನು ಮಾರುವವಳು. ಬಂಗುಡೆ ಕೊಂಡವರು ಮೇಲೊಂದು ಕೊಸರು ಹಾಕಿಸಿಕೊಳ್ಳದೆ ಅಲ್ಲಿಂದ ಕದಲುವುದಿಲ್ಲ. ಆ ಬುಟ್ಟಿಯ ಪಕ್ಕ ಬೆಳೆದವಳಿಗೆ ‘ಬಿಟ್ಟುಬಿಡು’ ಎಂಬ ಮಾತು ಗಂಟಲಲ್ಲಿ ಇಳಿಯುವುದಿಲ್ಲ.

ಉಡುಪಿಯ ಕಡಿಯಾಳಿಯಲ್ಲಿ ರಿಟರ್ನ್ ಹಾಕಿಕೊಡುವ ಒಬ್ಬರಿದ್ದಾರೆಂದು ತಿಳಿದು ಅಲ್ಲಿಗೂ ಹೋದೆ. ಅವರು ನನ್ನ ಕಾಲೇಜು ಚೀಲ ನೋಡಿಯೇ ದರ ನಿರ್ಧರಿಸಿದರು.

“ಬಂದದ್ದರಲ್ಲಿ ಅರ್ಧ ನನಗೆ. ನಿನ್ನ ತೆರಿಗೆ ಖಾತೆಯ ಪಾಸ್‌ವರ್ಡ್ ನನ್ನ ಹತ್ರವೇ ಇರಲಿ.”

“ಹಿಡಿದ ಮೀನಲ್ಲಿ ಅರ್ಧ ಪಾಲು ಕೇಳುವುದು ಬೋಟಿನ ಧಣಿ. ಇಲ್ಲಿ ಬೋಟ್ ನಿಮ್ಮದಾ ಸರ್?”

ಉತ್ತರಕ್ಕೆ ಕಾಯದೆ ಎದ್ದು ಬಂದೆ. ಚೌಕಾಸಿಯಲ್ಲಿ ಮೊದಲು ಕಲಿಯಬೇಕಾದದ್ದು ಎದ್ದು ಬರುವುದನ್ನು.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ನಾನೇ ಕೂತೆ. ಕಷ್ಟವಲ್ಲ, ಕಿರಿಕಿರಿ ಅಷ್ಟೆ. ನೀವೂ ಹಾಕುವುದಾದರೆ, ಕಡಿದ ಹಣ ನಿಮ್ಮ ಪಾನ್ ಅಡಿಯಲ್ಲಿ ಜಮೆಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಬ್ಯಾಂಕ್ ಖಾತೆಯಲ್ಲೂ ಪಾನ್‌ನಲ್ಲೂ ಹೆಸರು ಒಂದೇ ತರ ಇರಲಿ. ನನ್ನದರಲ್ಲಿ ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು. ಅದನ್ನು ತಿದ್ದಿಸಲು ಬ್ಯಾಂಕಿಗೆ ಅಲೆದು ಚಪ್ಪಲಿ ಸವೆಯಿತು. ಇನ್ನು, ರಿಟರ್ನ್ ಹಾಕಿದ ಮೇಲೆ ಒಟಿಪಿ ಕೊಟ್ಟು ದೃಢೀಕರಿಸದಿದ್ದರೆ ಹಾಕಿದ್ದು ಹಾಕದ ಹಾಗೆ.

ಶುಲ್ಕದ ಗಡುವಿಗೆ ಮೊದಲೇ ಹಣ ಬಂತು. ಅಮ್ಮ ಮೊಬೈಲನ್ನು ದೂರ ಹಿಡಿದು ಓದಿದಳು. “ಕಡಿದದ್ದಕ್ಕಿಂತ ಸ್ವಲ್ಪ ಹೆಚ್ಚುಂಟಲ್ಲ?”

“ಇಷ್ಟು ದಿನ ಸರಕಾರ ಇಟ್ಟುಕೊಂಡದ್ದಕ್ಕೆ ಬಡ್ಡಿ ಅಮ್ಮ.”

“ಬಡ್ಡಿ ಎಂತದು? ಕೊಸರು ಅನ್ನು. ಕೇಳಿದವರಿಗೆ ಮಾತ್ರ ಸಿಗುವುದು.”

ಶುಲ್ಕ ಕಟ್ಟಿದ ರಸೀದಿ ಕಂಡದ್ದೇ ಕಾರ್ಕಳದವಳು ಬಂದಳು. “ನಂದೂ ಹಾಕಿ ಕೊಡ್ತಿಯಾ ಮಾರಾಯ್ತಿ? ಪಾಸ್‌ವರ್ಡ್ ಹೇಳ್ತೇನೆ.”

ಕುರ್ಚಿ ಎಳೆದು ಅವಳನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದೆ. “ನನಗೆ ಹೇಳಬೇಡ. ನೀನೇ ಒತ್ತು.”