ಎಡಟೊಂಕದ ಜಾಗ

ಬೆಂಗೇರಿಯ ಶಾಂತವ್ವನ ಬಲತೋಳಿನ ಎಲುಬು ಮುರಿದು ವರ್ಷವಾದರೂ ಕೂಡಿರಲಿಲ್ಲ. ಟೊಂಕದಿಂದ ಸ್ವಲ್ಪ ಎಲುಬು ತೆಗೆದು ಅಲ್ಲಿ ತುಂಬಿ, ಪ್ಲೇಟ್ ಕೂರಿಸಬೇಕಿತ್ತು. ಆಪರೇಷನ್‌ಗೆ ಮೊದಲು ಎಡಟೊಂಕಕ್ಕೆ ಗುರುತು ಹಾಕುವ ಕೆಲಸ ಹೊಸ ಡಾಕ್ಟರಾದ ನನ್ನದು.

ಪೆನ್ ತೆಗೆದೆ. ಶಾಂತವ್ವ ಎಡಗೈ ಅಡ್ಡ ಹಿಡಿದರು.

“ಅಲ್ಲಿ ಬ್ಯಾಡ ತಂಗಿ, ಅದು ಮೊಮ್ಮಗಳು ಕೂಡೋ ಜಾಗ. ಬಲಕ್ಕ ತಗೋರಿ.”

“ಸರ್ ಎಡಕ್ಕಂತ ಹೇಳ್ಯಾರ್ರಿ.”

“ನಿಮ್ಮ ಸರ್ ಎಂದಾರ ಕೂಸ್ನ ಎತ್ಕೊಂಡು ಒಗ್ಗರಣಿ ಹಾಕ್ಯಾರೇನು? ಹೋಗಿ ಕೇಳು.”

ಆಪರೇಷನ್ ಮಾಡುವ ಸರ್‌ಗೆ ನಮಸ್ಕಾರ ಹೇಳಲೂ ತೊದಲುವವಳು ನಾನು. ಅವರ ಬಾಗಿಲ ಮುಂದೆ ಅಡ್ಡಾಡಿ ಅಡ್ಡಾಡಿ, ಕಡೆಗೆ ಒಳಹೊಕ್ಕು ಒಂದೇ ಉಸಿರಿಗೆ ಒದರಿದೆ.

“ಬಲಕ್ಕೂ ನಡೀತದ. ಅದಕ್ಕ ಇಷ್ಟ್ಯಾಕ ಬೆವರ್ತಿ?” ಎಂದರು.

ತೋಳು ಕೂಡಿತು. ಕೊನೆಯ ಸಲ ಬಂದಾಗ ಶಾಂತವ್ವ ಮೊಮ್ಮಗಳನ್ನು ನನಗೆ ದಾಟಿಸಿ ಎಕ್ಸ್‌ರೇಗೆ ಹೋದರು. ಟೊಂಕದ ಎಡಕ್ಕೆ ಕೂರಿಸಿದರೂ ಕೂಸು ಜಾರಿತು, ಬಲಕ್ಕೆ ಕೂರಿಸಿದರೂ ಜಾರಿತು. ನನ್ನ ಟೊಂಕದಲ್ಲಿ ಎಲುಬೇನೋ ಪೂರ್ತಿ ಇದೆ.